ಒಂದೇ ಖಾತೆ, ನಾಲ್ಕು ಮೇಜು

ಬದಿಯಡ್ಕದ ಕಡೆಯ ಓದುಗ ಮಹಿಳೆಯೊಬ್ಬರು ಬರೆದ ನಾಲ್ಕು ಪುಟಗಳ ಪತ್ರ ನಮ್ಮ ಮುಂದಿದೆ. ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಮಕ್ಕಳ ಓದು, ವಿದ್ಯಾರ್ಥಿವೇತನದ ಅರ್ಜಿ, ಕನ್ನಡ ಮಾಧ್ಯಮದಲ್ಲಿ ಕಲಿತವರ ಉದ್ಯೋಗ ಮುಂತಾದವುಗಳನ್ನು ಕುರಿತವು. ಇದು ಲೆಕ್ಕ ಬರೆಯುವ ಗಣಕಯಂತ್ರವನ್ನು ಕುರಿತದ್ದು. ಶಾಲೆಯ ಮುಖ್ಯೋಪಾಧ್ಯಾಯರಿಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ಕೇರಳದಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾದ ಮೇಲೆ ಅಧ್ಯಾಪಕರು ಸೀಮೆಸುಣ್ಣದ ಜತೆಗೆ ತಂತಿಯನ್ನೂ ಹಿಡಿಯಬೇಕಾಯಿತು. ನಮ್ಮ ಶಾಲೆಯ ಗಣಕ ಕೋಣೆಯ ಜಾಲವನ್ನು ವರ್ಷಗಳಿಂದ ನಾವೇ ನೋಡಿಕೊಂಡು ಬಂದಿದ್ದೇವೆ. ಮೇಲಾಗಿ ಈ ಪತ್ರದಲ್ಲಿ ಯಂತ್ರದ ಹಿಂದೆ ಹೆಣ್ಣುಮಗಳೊಬ್ಬಳ ಮಾನದ ಪ್ರಶ್ನೆಯಿದೆ.

ಹುಡುಗಿ ಬಿ.ಕಾಂ. ಮುಗಿಸಿ ಎರಡು ವರ್ಷಗಳಿಂದ ಅಡಿಕೆ ಖರೀದಿಯ ಸಂಸ್ಥೆಯೊಂದರಲ್ಲಿ ನಗದು ಲೆಕ್ಕ ಬರೆಯುತ್ತಿದ್ದಾಳೆ. ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ಇಂತಹುದು ಎಲ್ಲಿಯೂ ನಡೆಯಬಹುದು. ಅಲ್ಲಿ ನಾಲ್ಕು ಮೇಜು, ನಾಲ್ಕು ಗಣಕ: ತೂಕದ ಹತ್ತಿರ ಒಂದು, ಬಿಲ್ಲು ಬರೆಯುವಲ್ಲಿ ಒಂದು, ಹಣ ಕೊಡುವಲ್ಲಿ ಒಂದು, ಮೇನೇಜರರ ಕೋಣೆಯಲ್ಲಿ ಒಂದು. ಆದಿತ್ಯವಾರ ಸಂಜೆಯ ಸಿಡಿಲಿಗೆ ರೂಟರು ಸುಟ್ಟುಹೋಗಿತ್ತು. ಸೋಮವಾರ ಬೆಳಗ್ಗೆ ಹೊಸದನ್ನು ತಂದು ಕೂಡಿಸಿದರು. ಹನ್ನೊಂದರ ಹೊತ್ತಿಗೆ ಮೇನೇಜರರ ಗಣಕವೊಂದನ್ನು ಬಿಟ್ಟು ಉಳಿದ ಮೂರರಲ್ಲಿಯೂ ಇಂಗ್ಲಿಷಿನ ಒಂದು ಸಾಲು ಮೂಡಿ ಲೆಕ್ಕ ನಿಂತಿತು. ಹೊರಗೆ ಕೃಷಿಕರು ಸಾಲಾಗಿ ಕಾಯುತ್ತಿದ್ದರು. ಆಗ ಹಿರಿಯ ಗುಮಾಸ್ತರೊಬ್ಬರು ಶನಿವಾರ ಸಂಜೆ ಪೆನ್‌ಡ್ರೈವಿನಲ್ಲಿ ತೆಗೆದಿಟ್ಟ ಪ್ರತಿಯನ್ನು ಹುಡುಗಿಯ ಗಣಕಕ್ಕೆ ಹಾಕಿ, "ಸದ್ಯಕ್ಕೆ ಇದರಲ್ಲಿ ಬರೆ, ಕೊಂಡಿ ಸರಿಯಾದ ಮೇಲೆ ಯಂತ್ರ ತಾನೇ ಸೇರಿಸಿಕೊಳ್ಳುತ್ತದೆ" ಎಂದರಂತೆ. ಸಂಜೆಯೊಳಗೆ 34 ಪಾವತಿ ಚೀಟಿಗಳು ಆ ಪ್ರತಿಯಲ್ಲಿ ದಾಖಲಾದವು. ಮಂಗಳವಾರ ತಂತ್ರಜ್ಞ ಬಂದು ಕೊಂಡಿ ಸರಿಪಡಿಸಿದ. ಎಲ್ಲರೂ ಹಿಂದಿನಂತೆ ಮುಖ್ಯ ಲೆಕ್ಕದಲ್ಲಿ ಬರೆಯತೊಡಗಿದರು. ಸಂಜೆ ಶಿಲ್ಕು ತೆಗೆದಾಗ ಪೆಟ್ಟಿಗೆಯಲ್ಲಿದ್ದ ಹಣ ಪುಸ್ತಕದ ಹಣಕ್ಕಿಂತ ಬಹಳ ಕಡಿಮೆ.

ಕಡಿಮೆಯಾಗದೆ ಇನ್ನೇನು? ಹಣ ಕೃಷಿಕರ ಕೈಸೇರಿದೆ, ಆದರೆ ಸೇರಿದ್ದು ಮುಖ್ಯ ಲೆಕ್ಕದಲ್ಲಿಲ್ಲ. ಹುಡುಗಿ ಹೇಳಿದಳು; ಯಾರೂ ಕಿವಿಗೊಡಲಿಲ್ಲ. ತಿಂಗಳ ಕೊನೆಗೆ ಇನ್ನೊಂದು ತೊಡಕು ಹೊರಬಿತ್ತು. ಪುಸ್ತಕದಲ್ಲಿ ಬಾಕಿ ತೋರುತ್ತಿದ್ದುದರಿಂದ ಇಬ್ಬರು ಕೃಷಿಕರಿಗೆ ಎರಡನೆಯ ಸಲ ಹಣ ಸಂದಾಯವಾಗಿತ್ತು. ಒಬ್ಬ ವೃದ್ಧರು ತಾವಾಗಿಯೇ ಬಂದು ಹಿಂದಿರುಗಿಸಿದರು, ಇನ್ನೊಬ್ಬರು ಈವರೆಗೆ ಬಂದಿಲ್ಲ. ಕೊರತೆಯನ್ನು ಹುಡುಗಿಯ ಸಂಬಳದಿಂದ ಹಿಡಿಯುವುದಾಗಿ ಈಗ ಹೇಳುತ್ತಿದ್ದಾರೆ. "ತಂತಿ ಕಡಿದರೆ ಅದು ನನ್ನ ಮಗಳ ಕಳ್ಳತನವೇ?" ಎಂದು ತಾಯಿ ಕೇಳಿದ್ದಾರೆ. ಕೊಂಡಿ ಏಕೆ ಕಡಿಯುತ್ತದೆ, ಕಡಿದಾಗ ಏನು ನೋಡಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸಿರೆಂದೂ ಕೋರಿದ್ದಾರೆ.

ಮೊದಲು ಅವಸರದ ವಿಷಯ. ತಾಯಿಯವರೇ, ನಿಮ್ಮ ಮಗಳ ಸಾಕ್ಷಿ ಅವಳ ಗಣಕದಲ್ಲಿಯೇ ಇದೆ. ಆ ಶನಿವಾರದ ಪ್ರತಿಯನ್ನು ಯಾರೂ ಅಳಿಸದಂತೆ, ಅದರಲ್ಲಿ ಇನ್ನು ಒಂದಕ್ಷರವನ್ನೂ ಬರೆಯದಂತೆ ನೋಡಿಕೊಳ್ಳಲಿ. ಇನ್ನೊಂದು ಪೆನ್‌ಡ್ರೈವಿಗೆ ತೆಗೆದು ಮೇನೇಜರರ ಬೀಗದಲ್ಲಿಡಿಸಲಿ. ಬಳಿಕ ಅದೇ ಪ್ರತಿಯಿಂದ ಆ ಸೋಮವಾರದ ರೋಜುಕಿರ್ದಿಯನ್ನು ಕಾಗದದಲ್ಲಿ ಅಚ್ಚು ತೆಗೆಯಬೇಕು. 34 ಚೀಟಿಗಳ ಅಡಿಪ್ರತಿ, ಕೃಷಿಕರ ರುಜು ಸಹಿತ, ಕಚೇರಿಯಲ್ಲಿರಲೇಬೇಕು. ಒಂದೊಂದನ್ನೂ ಅಚ್ಚಿನ ಸಾಲಿಗೆ ಹೋಲಿಸಿ ಗುರುತು ಹಾಕಿ, ಮುಖ್ಯ ಲೆಕ್ಕದಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಅದೇ ತಾರೀಕು ಅದೇ ಚೀಟಿ ನಂಬ್ರದೊಡನೆ ಕೈಯಾರೆ ಏರಿಸಬೇಕು. ಒಂದು ಕಡೆಯ ಚೀಟಿಗಳನ್ನು ಕಡತ ಮಾಡಿ ಇನ್ನೊಂದು ಕಡೆಗೆ ಒಟ್ಟಿಗೆ ದಾಟಿಸುವ ವಿಧಾನವೂ ಈ ತಂತ್ರಾಂಶಗಳಲ್ಲಿ ಉಂಟು. ಆದರೆ ಎರಡೆರಡು ಬಾರಿ ಏರುವ ಅಪಾಯವಿರುವುದರಿಂದ 34ರಂತಹ ಸಣ್ಣ ಸಂಖ್ಯೆಗೆ ಕೈಬರಹವೇ ಲೇಸು. ಅಚ್ಚಾದ ಹಾಳೆಯ ಮೇಲೆ ಮೇನೇಜರರ ಸಹಿ, ಸಾಧ್ಯವಾದರೆ ಲೆಕ್ಕ ಪರಿಶೋಧಕರ ಸಹಿ ಆಗಲಿ. ಎರಡು ಸಲ ಸಂದಾಯವಾದ ಹಣ ಬೇರೆಯೇ ವಿಷಯ. ಅದು ಆ ಕೃಷಿಕರಿಂದ ಬರಬೇಕಾದ ಬಾಕಿಯೆಂದು ಅವರ ಖಾತೆಯಲ್ಲಿ ನಿಲ್ಲಬೇಕಾದದ್ದು. ಇಷ್ಟೆಲ್ಲ ಆದ ಮೇಲೂ ಕೊರತೆ ಉಳಿದರೆ ಆಗ ಮಾತ್ರ ಕೊರತೆಯ ಮಾತು. ಅದಕ್ಕೆ ಮೊದಲು ಸಂಬಳಕ್ಕೆ ಕೈಹಾಕುವುದು ಲೆಕ್ಕಶಾಸ್ತ್ರಕ್ಕೂ ನ್ಯಾಯಕ್ಕೂ ಒಪ್ಪುವುದಲ್ಲ. ಈ ಪರಿಶೀಲನೆ ಆಗಬೇಕೆಂದು ಹುಡುಗಿ ಲಿಖಿತವಾಗಿ ಕೇಳಲಿ, ಬಾಯಿಮಾತು ಸಾಲದು.

ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಲಾಗದು. ಆ ಪ್ರತಿಯ ಫೋಲ್ಡರನ್ನು ಎತ್ತಿ ಮುಖ್ಯ ಗಣಕದ ಫೋಲ್ಡರಿನ ಮೇಲೆ ಹಾಕಿದರೆ, ಅಂದಿನಿಂದ ಇಂದಿನವರೆಗೆ ಉಳಿದ ಮೂವರು ಬರೆದದ್ದೆಲ್ಲ ಒಂದೇ ಕ್ಷಣದಲ್ಲಿ ಮಾಯವಾಗುತ್ತದೆ. "ಸೇರಿಸುತ್ತೇನೆ" ಎಂದು ಹೊರಟವರು ಮಾಡುವುದು ಸಾಮಾನ್ಯವಾಗಿ ಇದನ್ನೇ.

ಇನ್ನು ಮೂಲ ಪ್ರಶ್ನೆ. ಹಿಂದಿನ ಮಂಡಿಗಳಲ್ಲಿ ರೋಜುಕಿರ್ದಿ ಒಂದೇ, ಬರೆಯುವ ಕೈಯೂ ಒಂದೇ. ಶಾನುಭೋಗರ ಪೆಟ್ಟಿಗೆಯ ಮುಂದೆ ಎಲ್ಲರೂ ಕಾಯಬೇಕು. ಈಗ ನಾಲ್ಕು ಮೇಜಿನಲ್ಲಿ ನಾಲ್ಕು ಪರದೆಗಳಿರುವುದರಿಂದ ನಾಲ್ಕು ಪುಸ್ತಕಗಳಿವೆಯೆಂಬ ಭ್ರಮೆ ಹುಟ್ಟುತ್ತದೆ. ಪುಸ್ತಕ ಈಗಲೂ ಒಂದೇ. ಅದು ಒಂದು ಗಣಕದಲ್ಲಿ, ಒಂದು ಫೋಲ್ಡರಿನಲ್ಲಿದೆ; ಉಳಿದ ಮೂರು ಗಣಕಗಳು ತಂತಿಯ ಮೂಲಕ ಕೈಚಾಚಿ ಅದೇ ಪುಸ್ತಕದಲ್ಲಿ ಬರೆಯುತ್ತವೆ. ನಮ್ಮ ಕಡೆ ಈ ಕೆಲಸಕ್ಕೆ ಬಹಳವಾಗಿ ಬಳಕೆಯಲ್ಲಿರುವುದು 'ಟ್ಯಾಲಿ'. ಇದು ಹೊರದೇಶದ ಸರಕೆಂದು ತಿಳಿದವರು ಹಲವರಿದ್ದಾರೆ, ಹಾಗಲ್ಲ, ಬೆಂಗಳೂರಿನದು. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಸಂಸ್ಥೆಯದು. ಭರತ್ ಗೋಯೆಂಕಾರಿಗೆ 2020ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅದರಲ್ಲಿ 'ಸಿಲ್ವರ್' ಪರವಾನಗಿ ಒಂದು ಗಣಕಕ್ಕೆ, 'ಗೋಲ್ಡ್' ಎಂಬುದು ಒಂದೇ ಜಾಲದ ಹಲವು ಗಣಕಗಳಿಗೆ. ತಂತ್ರಾಂಶ ಯಾವುದೇ ಇರಲಿ, ಹಂಚಿದ ಫೋಲ್ಡರಿನಲ್ಲಿ ಲೆಕ್ಕವಿಡುವುದಾದರೆ ಮುಂದೆ ಹೇಳುವ ಮಾತು ಹೊಂದುತ್ತದೆ. ಕೊಂಡಿ ಕಡಿದಾಗ ಲೆಕ್ಕ ಕೆಟ್ಟಿತೆಂದು ಗಾಬರಿಪಡುತ್ತಾರೆ. ಕೆಟ್ಟದ್ದು ದಾರಿ, ಪುಸ್ತಕ ಭದ್ರವಾಗಿಯೇ ಇದೆ. ಅಂದು ಮೇನೇಜರರ ಕೋಣೆಯಲ್ಲಿ ಲೆಕ್ಕ ನಡೆಯುತ್ತಲೇ ಇತ್ತಲ್ಲವೇ? ಹುಡುಗಿ ಅಲ್ಲಿಯೇ ಹೋಗಿ ಕುಳಿತು ಆ 34 ಚೀಟಿಗಳನ್ನು ಬರೆದಿದ್ದರೆ ಈ ಪತ್ರ ನಮಗೆ ಬರುತ್ತಿರಲಿಲ್ಲ. ಅದೂ ಆಗದಿದ್ದರೆ ಕಾಗದದಲ್ಲಿ ಬರೆದಿಟ್ಟು ಸಂಜೆ ಏರಿಸಬಹುದಿತ್ತು. ಎರಡನೆಯ ಪುಸ್ತಕವನ್ನು ತೆರೆಯಲು ಹೇಳಿದವರು ಹಿರಿಯರು, ಕಿರಿಯಳು ಪಾಲಿಸಿದಳು.

ಪರದೆಯಲ್ಲಿ ಮೂಡಿದ ಇಂಗ್ಲಿಷ್ ಸಾಲನ್ನೂ ಅದರ ಕೊನೆಯಲ್ಲಿದ್ದ ಸಂಖ್ಯೆಯನ್ನೂ ತಾಯಿಯವರು ಜೋಪಾನವಾಗಿ ನಕಲು ಮಾಡಿ ಕಳುಹಿಸಿದ್ದಾರೆ. ಇದು ಬಹಳ ದೊಡ್ಡ ಉಪಕಾರ. "ಏನೋ ಎರರ್ ಬಂತು" ಎನ್ನುವವರಿಗೆ ಯಾವ ತಂತ್ರಜ್ಞನೂ ನೆರವಾಗಲಾರ. ಸಾಲು 'ನೆಟ್‌ವರ್ಕ್ ಪಾತ್ ವಾಸ್ ನಾಟ್ ಫೌಂಡ್', ಅಂದರೆ ಜಾಲದ ದಾರಿ ಸಿಗಲಿಲ್ಲ. ಸಂಖ್ಯೆ ಸೊನ್ನೆ ಎಕ್ಸ್ 80070035. ಇದನ್ನು ಕಂಡು ಹೆದರುವ ಕಾರಣವಿಲ್ಲ; ಕೊನೆಯ ಎರಡು ಅಂಕೆಗಳಷ್ಟೇ ನಮಗೆ ಮುಖ್ಯ, 35. ಆದರೆ ಅದು ಮೂವತ್ತೈದಲ್ಲ. ಗಣಕಯಂತ್ರ ಇಲ್ಲಿ ಎಣಿಸುವುದು ಹತ್ತರ ಗುಂಪಿನಲ್ಲಿ ಅಲ್ಲ, ಹದಿನಾರರ ಗುಂಪಿನಲ್ಲಿ. ನಮ್ಮ ಅಜ್ಜಂದಿರಿಗೆ ಇದನ್ನು ಕಲಿಸಬೇಕಾಗಿರಲಿಲ್ಲ. 1957ರ ಏಪ್ರಿಲಿನಲ್ಲಿ ನಯೇಪೈಸೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ. 35 ಎಂದರೆ 3 ರೂಪಾಯಿ 5 ಆಣೆ ಎಂದು ಓದಿಕೊಳ್ಳಿರಿ: ಮೂರು ಹದಿನಾರಲೆ ನಲವತ್ತೆಂಟು, ಅದಕ್ಕೆ ಐದು ಸೇರಿ 53 ಆಣೆ. ವಿಂಡೋಸಿನ ಪಟ್ಟಿಯಲ್ಲಿ 53ನೆಯ ತಪ್ಪೇ 'ದಾರಿ ಸಿಗಲಿಲ್ಲ' ಎಂಬುದು. ಹಳೆಯ ಆಣೆಯ ಮಗ್ಗಿ ಹೀಗೆ ಕೆಲಸಕ್ಕೆ ಬಂದುದು ನಮಗಂತೂ ಸಂತೋಷ.

ಈ ಪಟ್ಟಿಯಲ್ಲಿ ನಾಲ್ಕನ್ನು ನೆನಪಿಟ್ಟರೆ ಬಹುಮಟ್ಟಿಗೆ ಸಾಕು. ನಮ್ಮ ಊರುಗಳ ಮನೆಯ ಹೋಲಿಕೆಯಲ್ಲಿ ಹೇಳುವುದಾದರೆ, 53 ಎಂದರೆ ಮನೆಯೇ ಸಿಗಲಿಲ್ಲ ಅಥವಾ ಕರೆದರೆ ಯಾರೂ ಓಗೊಡಲಿಲ್ಲ. 67, ಅಂದರೆ ಕೊನೆಯಲ್ಲಿ 43 (4 ರೂಪಾಯಿ 3 ಆಣೆ) ಎಂದು ಕಂಡರೆ ಮನೆ ಸಿಕ್ಕಿದೆ, ನೀವು ಹೇಳಿದ ಹೆಸರಿನ ಕೋಣೆ ಅಲ್ಲಿಲ್ಲ: ಫೋಲ್ಡರಿನ ಹೆಸರು ಬದಲಾಗಿದೆ ಅಥವಾ ಹಂಚಿಕೆ ತಪ್ಪಿದೆ. ಕೊನೆಯಲ್ಲಿ ಬರಿಯ 5 ಎಂದಾದರೆ ಕೋಣೆಯೂ ಸಿಕ್ಕಿದೆ, ಒಳಹೋಗಲು ನಿಮಗೆ ಅಪ್ಪಣೆಯಿಲ್ಲ. 64, ಅಂದರೆ ಕೊನೆಯಲ್ಲಿ 40 (ಸರಿಯಾಗಿ 4 ರೂಪಾಯಿ) ಎಂದಾದರೆ ಒಳಗೆ ಕುಳಿತು ಮಾತನಾಡುತ್ತಿದ್ದಾಗಲೇ ಸಂಪರ್ಕ ಕಡಿಯಿತು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. 5 ಬಂದಿರುವಾಗ ತಂತಿ ಬದಲಾಯಿಸುವುದು, 64 ಬಂದಿರುವಾಗ ಗುಪ್ತಪದ ಬದಲಾಯಿಸುವುದು, ಇವೆಲ್ಲ ಹೊಟ್ಟೆನೋವಿಗೆ ಕಿವಿಗೆ ಎಣ್ಣೆ ಬಿಟ್ಟ ಹಾಗೆ.

53 ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಒಂದು ಮೇಜಿಗೋ, ಎಲ್ಲ ಮೇಜಿಗೋ? ಒಂದಕ್ಕೆ ಮಾತ್ರವಾದರೆ ಮುಖ್ಯ ಗಣಕವನ್ನು ಮುಟ್ಟಬೇಡಿರಿ. ದೋಷ ಆ ಮೇಜಿನಲ್ಲಿ ಅಥವಾ ಅದರ ತಂತಿಯಲ್ಲಿದೆ. ಗಣಕದ ಹಿಂದೆ ತಂತಿ ಸೇರುವ ಕಡೆ ಪುಟ್ಟ ದೀಪಗಳು ಮಿನುಗುತ್ತಿರುತ್ತವೆ. ಆರಿದ್ದರೆ ತಂತಿ ಸಡಿಲಾಗಿದೆ, ಇಲಿ ಕಡಿದಿದೆ, ಇಲ್ಲವೇ ಆಚೆ ತುದಿಯ ಕಿಂಡಿ ಸತ್ತಿದೆ. ಚೆನ್ನಾಗಿರುವ ಪಕ್ಕದ ಮೇಜಿನ ತಂತಿಯನ್ನು ತಂದು ಇಲ್ಲಿ ಚುಚ್ಚಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಎಲ್ಲ ಮೇಜುಗಳಿಗೂ ಒಟ್ಟಿಗೆ ಆಗಿದ್ದರೆ ಮುಖ್ಯ ಗಣಕ, ಅದರ ತಂತಿ, ಅಥವಾ ಎಲ್ಲ ತಂತಿಗಳೂ ಬಂದು ಸೇರುವ ಪೆಟ್ಟಿಗೆ, ಈ ಮೂರರಲ್ಲಿ ಒಂದು. ಮುಖ್ಯ ಗಣಕ ನಿದ್ದೆಹೋಗಿದೆಯೇ ಎಂದೂ ನೋಡಿರಿ. ನಿದ್ದೆಯೆಂದದ್ದು ವಿನೋದಕ್ಕಲ್ಲ, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ವಿದ್ಯುತ್ ಉಳಿಸಲು ಅದು ತಾನೇ ಮಲಗುತ್ತದೆ, ಆಗ ಉಳಿದವರಿಗೆ ದಾರಿ ಮುಚ್ಚುತ್ತದೆ. ಊಟದ ಹೊತ್ತಿನ ಬಳಿಕ ದಿನವೂ ಕೊಂಡಿ ಕಡಿಯುವ ಕಚೇರಿಗಳಲ್ಲಿ ಮೊದಲು ಶಂಕಿಸಬೇಕಾದದ್ದು ಇದನ್ನೇ. ಮುಖ್ಯ ಗಣಕಕ್ಕೆ ಎಂದೂ ಮಲಗದಂತೆ ವಿದ್ಯುತ್ತಿನ ಏರ್ಪಾಟಿನಲ್ಲಿ ಸೂಚಿಸಬೇಕು.

ಎಲ್ಲ ದೀಪಗಳೂ ಉರಿಯುತ್ತಿದ್ದು ದಾರಿ ಸಿಗದಿದ್ದರೆ ಹೆಸರು ಮತ್ತು ನಂಬ್ರದ ಪ್ರಶ್ನೆ ಬರುತ್ತದೆ. ಬದಿಯಡ್ಕದ ಪತ್ರದ ಕತೆ ಇದೇ ಎಂದು ನಮ್ಮ ಊಹೆ. ನಮ್ಮ ಕಡೆ ಪ್ರತಿ ಮನೆಗೂ ಒಂದು ಹೆಸರಿದೆ, ಪಂಚಾಯತು ಕೊಟ್ಟ ಒಂದು ನಂಬ್ರವೂ ಇದೆ. ಹೆಸರು ತಲೆಮಾರಿನಿಂದ ಬಂದದ್ದು. ನಂಬ್ರ ಪಂಚಾಯತು ಮನಸ್ಸು ಮಾಡಿದಾಗ ಬದಲಾಗುವುದು. ಗಣಕಕ್ಕೂ ಹಾಗೆಯೇ. ಅದರ ಹೆಸರನ್ನು ನಾವಿಡುತ್ತೇವೆ. ನಂಬ್ರವನ್ನು, ಉದಾಹರಣೆಗೆ 192.168.1.10 ಎಂಬಂತಹುದನ್ನು, ರೂಟರು ಹಂಚುತ್ತದೆ. ರೂಟರು ಬದಲಾದರೆ ಹೊಸ ಪಂಚಾಯತು ಬಂದ ಹಾಗೆ. ಹಳೆಯ ನಂಬ್ರ ಉಳಿಯುವ ಭರವಸೆಯಿಲ್ಲ. ಬೇರೆ ಮೇಜುಗಳಲ್ಲಿ ಲೆಕ್ಕದ ದಾರಿಯನ್ನು ನಂಬ್ರದಿಂದ ಬರೆದಿಟ್ಟಿದ್ದರೆ ಅವು ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತವೆ. ಆದುದರಿಂದ ಮುಖ್ಯ ಗಣಕದಲ್ಲಿ ಕಪ್ಪು ಪರದೆಯ ಕಿಟಕಿ ತೆರೆದು 'ಐಪಿಕಾನ್ಫಿಗ್' ಎಂಬ ಆಜ್ಞೆ ಕೊಟ್ಟು ಇಂದಿನ ನಂಬ್ರವೇನೆಂದು ನೋಡಬೇಕು. ಅದು 169.254 ಎಂದು ಆರಂಭವಾದರೆ ರೂಟರಿನಿಂದ ನಂಬ್ರವೇ ಬಂದಿಲ್ಲ, ಗಣಕ ತಾನೇ ಒಂದನ್ನು ಇಟ್ಟುಕೊಂಡಿದೆ. ಆಗ ತಂತಿಯನ್ನೂ ರೂಟರನ್ನೂ ನೋಡಬೇಕು. ಸರಿಯಾದ ನಂಬ್ರ ಸಿಕ್ಕಿದರೆ ಇನ್ನೊಂದು ಮೇಜಿನಿಂದ 'ಪಿಂಗ್' ಎಂಬ ಆಜ್ಞೆಯೊಡನೆ ಆ ನಂಬ್ರವನ್ನು ಬರೆದು ಕರೆಯಬೇಕು. ಓಗೊಟ್ಟರೆ ತಂತಿ ಸರಿಯಿದೆ. ಅನಂತರ ಹೆಸರಿನಿಂದ ಕರೆಯಬೇಕು. ನಂಬ್ರಕ್ಕೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದೋಷ ಹೆಸರು ಹುಡುಕುವ ಏರ್ಪಾಟಿನಲ್ಲಿದೆ. ಪಿಂಗಿಗೆ ಮೌನವಾದ ಮಾತ್ರಕ್ಕೆ ಗಣಕ ಸತ್ತಿದೆಯೆಂದು ತೀರ್ಮಾನಿಸಲಾಗದು. ಕಾವಲುಗಾರ ಬಾಯಿ ಮುಚ್ಚಿಸಿರಲೂಬಹುದು.

ಈ ಕಾವಲುಗಾರನೇ ಫೈರ್‌ವಾಲ್. ರೂಟರು ಬದಲಾಯಿಸಿದಾಗ ಇವನಿಂದಲೂ ಒಂದು ತೊಡಕು ಬರುತ್ತದೆ. ಹೊಸ ರೂಟರನ್ನು ಕಂಡ ವಿಂಡೋಸು, ತಾನು ಅಪರಿಚಿತ ಊರಿಗೆ ಬಂದಿದ್ದೇನೆಂದು ತಿಳಿದು, ಜಾಲವನ್ನು 'ಪಬ್ಲಿಕ್' ಎಂದು ಬರೆದುಕೊಳ್ಳುತ್ತದೆ. ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದಿಡುವವರುಂಟೇ? ಫೋಲ್ಡರು ಹಂಚುವುದನ್ನು ಅದು ನಿಲ್ಲಿಸುತ್ತದೆ. ಜಾಲದ ಏರ್ಪಾಟಿಗೆ ಹೋಗಿ 'ಪ್ರೈವೇಟ್' ಎಂದು ಬದಲಾಯಿಸಿದರೆ ಬಾಗಿಲು ತೆರೆಯುತ್ತದೆ. ಎಷ್ಟೋ ಕಚೇರಿಗಳಲ್ಲಿ ಅರ್ಧ ದಿನ ಹಾಳುಮಾಡಿದ ದೋಷ ಇದೊಂದೇ ಗುಂಡಿಯಲ್ಲಿ ತೀರಿದೆ. ಫೋಲ್ಡರು ಹಂಚಿಕೆಯ ಬಾಗಿಲಿನ ನಂಬ್ರ 445. ಟ್ಯಾಲಿಯಲ್ಲಿ ಪರವಾನಗಿ ವಿಚಾರಿಸುವ ಬಾಗಿಲು ಸಾಮಾನ್ಯವಾಗಿ 9999. ಹೊಸ ವೈರಸ್‌ನಿರೋಧಕ ಹಾಕಿದ ಮರುದಿನ ಕೊಂಡಿ ಕಡಿದರೆ ಈ ಎರಡು ಬಾಗಿಲುಗಳಿಗೆ ಅಪ್ಪಣೆಯಿದೆಯೇ ಎಂದು ತಂತ್ರಜ್ಞನನ್ನು ಕೇಳಿರಿ.

ತಂತ್ರಜ್ಞರಲ್ಲಿ ಕೆಲವರು ಈ ಶ್ರಮವನ್ನು ಪಡದೆ ಕಾವಲುಗಾರನನ್ನೇ ಮನೆಗೆ ಕಳುಹಿಸುತ್ತಾರೆ. ಫೋಲ್ಡರನ್ನು ಗುಪ್ತಪದವಿಲ್ಲದೆ ಸರ್ವರಿಗೂ ತೆರೆದಿಡುತ್ತಾರೆ. ಹಂಚಿಕೆಯ ಹಳೆಯ ಭಾಷೆಯಾದ 'ಎಸ್‌ಎಂಬಿ ಒಂದು' ಎಂಬುದನ್ನು ಮತ್ತೆ ಜೀವಂತಗೊಳಿಸುತ್ತಾರೆ. ಕೊಂಡಿ ಕೂಡಲೇ ಕೂಡುತ್ತದೆ, ಹಣ ಪಡೆದು ಹೊರಡುತ್ತಾರೆ. ನಮಗೆ ಇದು ಸ್ವಲ್ಪವೂ ಸಮ್ಮತವಲ್ಲ. 2017ರ ಮೇ ತಿಂಗಳಲ್ಲಿ 'ವಾನ್ನಕ್ರೈ' ಎಂಬ ಕಡತ ಬೀಗ ಹಾಕಿ ಸುಲಿಗೆ ಕೇಳುವ ಪಿಡುಗು ಲೋಕವನ್ನೆಲ್ಲ ಸುತ್ತಿದಾಗ ಒಳನುಗ್ಗಿದ್ದು ಆ ಹಳೆಯ ಭಾಷೆಯ ಬಿರುಕಿನಿಂದಲೇ. ವಯನಾಡಿನ ತರಿಯೋಡು ಗ್ರಾಮ ಪಂಚಾಯತಿನ ಗಣಕಗಳಿಗೂ ಅದು ತಗುಲಿತು. ನಮ್ಮಂತಹ ಕುಗ್ರಾಮಕ್ಕೆ ಯಾರು ಬರುತ್ತಾರೆಂಬ ಸಮಾಧಾನಕ್ಕೆ ಆಧಾರವಿಲ್ಲ. ಅದೇ ವರ್ಷದ ಉತ್ತರಾರ್ಧದಿಂದ ಹೊಸದಾಗಿ ಹಾಕುವ ವಿಂಡೋಸಿನಲ್ಲಿ ಆ ಭಾಷೆ ತಾನಾಗಿ ಬರುವುದಿಲ್ಲ.

ಗುಪ್ತಪದವಿಲ್ಲದೆ ಹಂಚಿದ ಕಚೇರಿಗಳಿಗೆ 2024ರಿಂದ ಇನ್ನೊಂದು ಕಷ್ಟ ಬಂದಿದೆ. ವಿಂಡೋಸ್ 11ರ ಆ ವರ್ಷದ ದೊಡ್ಡ ನವೀಕರಣದ ಬಳಿಕ ಕಚೇರಿಗಳಲ್ಲಿ ಹೆಚ್ಚಾಗಿರುವ 'ಪ್ರೊ' ಆವೃತ್ತಿ ಹೆಸರಿಲ್ಲದ ಅತಿಥಿಯಾಗಿ ಬೇರೆ ಗಣಕದೊಳಗೆ ಹೋಗಲು ಒಪ್ಪುವುದಿಲ್ಲ. ನಿನ್ನೆ ನಡೆದದ್ದು ಇಂದು ನಡೆಯುವುದಿಲ್ಲ, ಯಾರೂ ಏನನ್ನೂ ಮುಟ್ಟಿಲ್ಲ, ರಾತ್ರಿ ನವೀಕರಣ ಮಾತ್ರ ಆಗಿದೆ: ಇಂತಹ ಸಂದರ್ಭದಲ್ಲಿ ಇದನ್ನು ಸಂಶಯಿಸಿರಿ. ಪರಿಹಾರ ಸರಳ. ಮುಖ್ಯ ಗಣಕದಲ್ಲಿ ಪ್ರತಿ ಮೇಜಿಗೂ ಒಂದು ಬಳಕೆದಾರ ಹೆಸರು, ಒಂದು ಗುಪ್ತಪದ ಮಾಡಿ, ಆ ಹೆಸರುಗಳಿಗಷ್ಟೇ ಲೆಕ್ಕದ ಫೋಲ್ಡರಿನ ಅಪ್ಪಣೆ ಕೊಡುವುದು. ಗುಪ್ತಪದ ಖಾಲಿ ಬಿಟ್ಟರೆ ಜಾಲದ ಮೂಲಕ ವಿಂಡೋಸು ಒಳಬಿಡುವುದಿಲ್ಲ. ಮುಂದೆ ಎಂದಾದರೂ ಗುಪ್ತಪದ ಬದಲಾಯಿಸಿದರೆ ಉಳಿದ ಮೇಜುಗಳು ಹಳೆಯದನ್ನೇ ನೆನಪಿಟ್ಟುಕೊಂಡಿರುತ್ತವೆ, ಅಲ್ಲಿಯೂ ಬದಲಾಯಿಸಬೇಕು. 1326 ಎಂಬ ಸಂಖ್ಯೆ ಕಂಡರೆ ಹೆಸರು ಅಥವಾ ಗುಪ್ತಪದ ತಪ್ಪಿದೆಯೆಂದೇ ಅರ್ಥ.

ಲೆಕ್ಕ ತೆರೆಯುತ್ತದೆ, ಆದರೆ ತಾರೀಕು ಬರೆಯಲು ಬಿಡುವುದಿಲ್ಲ ಎಂಬ ವಿಚಿತ್ರ ದೂರೂ ಉಂಟು. ಟ್ಯಾಲಿಗೆ ಪರವಾನಗಿಯ ಗಣಕ ಜಾಲದಲ್ಲಿ ಸಿಗದಿದ್ದರೆ ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಇರುವ ಬಗೆಯಲ್ಲಿ ಅದು ತೆರೆದುಕೊಳ್ಳಬಹುದು. ಆ ಬಗೆಯಲ್ಲಿ ತಿಂಗಳ 1, 2 ಮತ್ತು 31ನೆಯ ತಾರೀಕುಗಳಲ್ಲಿ ಮಾತ್ರ ಬರೆಯಲು ಸಾಧ್ಯ. ಇದನ್ನು ಅರಿಯದೆ 17ನೆಯ ತಾರೀಕಿನ ಚೀಟಿಯನ್ನು "ಸದ್ಯಕ್ಕೆ" 2ನೆಯ ತಾರೀಕಿಗೆ ಬರೆದಿಡುವವರಿದ್ದಾರೆ. ಪರದೆಯ ಮೂಲೆಯಲ್ಲಿ 'ಎಜುಕೇಶನಲ್' ಎಂಬ ಪದ ಕಂಡೊಡನೆ ಕೈ ತೆಗೆಯಿರಿ. ದೋಷ ಲೆಕ್ಕದಲ್ಲಿಲ್ಲ, ಪರವಾನಗಿ ಹೇಳುವ ಗಣಕದ ದಾರಿ ಕಡಿದಿದೆ.

ಮಂಗಳೂರಿನ ಕಚೇರಿಗಳಲ್ಲಿ ಕುಳಿತು ಅಮೆರಿಕದ ಅಂಗಡಿಗಳ ಲೆಕ್ಕ ಬರೆಯುವ ನಮ್ಮ ಮಕ್ಕಳು 'ಕ್ವಿಕ್‌ಬುಕ್ಸ್' ಬಳಸುವುದುಂಟು. ಅದರಲ್ಲಿ 'ಎಚ್ 202' ಎಂಬ ತಪ್ಪು ಇಲ್ಲಿಯ 53ರ ಅಣ್ಣ: ಹಲವರು ಒಟ್ಟಿಗೆ ಬರೆಯುವ ಬಗೆಯಲ್ಲಿ ಮುಖ್ಯ ಗಣಕ ಸಿಗಲಿಲ್ಲ. ಅಲ್ಲಿಯೂ ಆತಿಥೇಯ ಗಣಕ ಒಂದೇ ಇರಬೇಕು. ಎರಡನೆಯದೂ ತಾನೇ ಆತಿಥೇಯ ಎಂದು ಹೊರಟರೆ ತೊಡಕು.

64ರ ಬಗ್ಗೆ ಹೇಳದೆ ಮುಗಿಸಲಾಗದು, ಏಕೆಂದರೆ ನಾಲ್ಕರಲ್ಲಿ ಲೆಕ್ಕಕ್ಕೆ ನಿಜವಾಗಿ ಹಾನಿ ಮಾಡಬಲ್ಲದ್ದು ಅದೊಂದೇ. ಚೀಟಿ ಬರೆಯುತ್ತಿರುವ ನಡುವೆ ಸಂಪರ್ಕ ಕಡಿದರೆ ಅರ್ಧ ಬರೆದದ್ದು ಮುಖ್ಯ ಗಣಕದ ಕಡತದಲ್ಲಿ ಉಳಿದು ಕಡತವೇ ಕೆಡಬಹುದು. ಮತ್ತೆ ಮತ್ತೆ 64 ಬರುವ ಕಚೇರಿಯಲ್ಲಿ ಲೆಕ್ಕದ ಮೇಜುಗಳು ತಂತಿಯಿಲ್ಲದ ವೈಫೈಯಲ್ಲಿ ನಡೆಯುತ್ತಿವೆಯೇ ಎಂದು ಮೊದಲು ನೋಡಿರಿ. ಮೊಬೈಲಿಗೆ ವೈಫೈ ಇರಲಿ, ಹಂಚಿದ ಲೆಕ್ಕಕ್ಕೆ ತಂತಿಯೇ ಬೇಕು. ತಂತಿಗೂ ಮಿತಿಯಿದೆ: ತಾಮ್ರದ ಜಾಲತಂತಿ ಒಂದೇ ಓಟದಲ್ಲಿ 100 ಮೀಟರು ದಾಟಲಾಗದು. ಅಂಗಳದಾಚೆಯ ಗೋದಾಮಿಗೆ, ತೆಂಗಿನ ಮರದಿಂದ ಮರಕ್ಕೆ ಕಟ್ಟಿ, 150 ಮೀಟರು ಎಳೆದದ್ದನ್ನು ನಾವು ಕಂಡಿದ್ದೇವೆ. ಬೇಸಗೆಯಲ್ಲಿ ಹೇಗೋ ನಡೆಯುತ್ತದೆ, ಮಳೆಗಾಲದಲ್ಲಿ ದಿನಕ್ಕೆ ಹತ್ತು ಬಾರಿ ಕಡಿಯುತ್ತದೆ.

ಇನ್ನು ಸಿಡಿಲು. ನಮ್ಮ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಮುಂಚಿನ ಏಪ್ರಿಲ್-ಮೇ ತಿಂಗಳುಗಳಲ್ಲಿ, ಹಾಗೂ ತುಲಾ ಮಾಸದ ಅಪರಾಹ್ನಗಳಲ್ಲಿ, ಗಣಕದ ಜಾಲಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಗುಡುಗು ಕೇಳಿದೊಡನೆ ವಿದ್ಯುತ್ತಿನ ಪ್ಲಗ್ಗು ಕೀಳುತ್ತಾರೆ, ಜಾಲದ ತಂತಿಯನ್ನು ಮರೆಯುತ್ತಾರೆ. ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ತಂತಿ ಸಿಡಿಲಿನ ವೇಗವನ್ನು ನೇರವಾಗಿ ಗಣಕದ ಹಿಂಬದಿಗೆ ತಂದುಬಿಡುತ್ತದೆ. ತಂತಿಗಳು ಸೇರುವ ಪೆಟ್ಟಿಗೆಯಲ್ಲಿ ಎಂಟು ಕಿಂಡಿಗಳಿದ್ದರೆ ಮೂರು ಸುಟ್ಟು ಐದು ಉಳಿಯುವುದುಂಟು. ಹೊರಗಿನಿಂದ ನೋಡಿದರೆ ಪೆಟ್ಟಿಗೆ ಉರಿಯುತ್ತಲೇ ಇರುತ್ತದೆ. ಆದುದರಿಂದ ಸಿಡಿಲಿನ ಮರುದಿನ ಒಂದು ಮೇಜಿಗೆ ಮಾತ್ರ ದಾರಿ ಸಿಗದಿದ್ದರೆ ಆ ತಂತಿಯನ್ನು ಇನ್ನೊಂದು ಕಿಂಡಿಗೆ ಬದಲಾಯಿಸಿ ನೋಡಿರಿ. ಕಟ್ಟಡದಿಂದ ಕಟ್ಟಡಕ್ಕೆ ಹೋಗಲೇಬೇಕಾದರೆ ಗಾಜಿನ ಎಳೆಯ ಫೈಬರ್ ತಂತಿ ಹಾಕಿಸಿರಿ. ಬೆಲೆ ಸ್ವಲ್ಪ ಹೆಚ್ಚು, ಆದರೆ ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿಯದು.

ಮುಖ್ಯ ಗಣಕದ ನಂಬ್ರ ರೂಟರಿನಲ್ಲಿ ಬದಲಾಗದಂತೆ ಕಾದಿರಿಸುವುದು ಹೇಗೆಂದು ಅಕ್ಕಲಕೋಟೆಯ ಓದುಗರೊಬ್ಬರು ಹಿಂದೆಯೇ ಕೇಳಿದ್ದರು. ರೂಟರು ಕೂಡಿಸುವ ದಿನವೇ ತಂತ್ರಜ್ಞನಿಂದ ಅದನ್ನು ಮಾಡಿಸಿಕೊಳ್ಳುವುದು ಸುಲಭ. ಹತ್ತು ನಿಮಿಷದ ಕೆಲಸ. ಅದರೊಡನೆ ಮುಖ್ಯ ಗಣಕದ ಹೆಸರು, ನಂಬ್ರ, ಹಂಚಿದ ಫೋಲ್ಡರಿನ ಹೆಸರು, ಇವನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿಯೇ ಬರೆದು ನಾಲ್ಕೂ ಮೇಜುಗಳ ಗೋಡೆಗೆ ಅಂಟಿಸಿರಿ. ಗುಪ್ತಪದ ಮಾತ್ರ ಗೋಡೆಯ ಮೇಲೆ ಬೇಡ.